ಮೈಕ್ರಾನ್ ಲೆಕ್ಕದ ಹೊಳಪು

ಆಯುಧಪೂಜೆ ಹತ್ತಿರ ಬಂತೆಂದರೆ ಡೆಂಟಿಂಗ್-ಪೇಂಟಿಂಗ್ ಶೆಡ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವರ್ಷವಿಡೀ ಗೀರು, ನೆಗ್ಗು ಹೊತ್ತು ಓಡಾಡಿದ ಕಾರುಗಳಿಗೆಲ್ಲ ಹಬ್ಬದೊಳಗೆ ಬಣ್ಣ ಆಗಲೇಬೇಕು. ಟಿಂಕರಿಂಗ್ ಮುಗಿಸಿ, ನೆಗ್ಗು ತುಂಬಲು ಪಟ್ಟಿ ಎಳೆದು, ಉಜ್ಜಿ, ಪ್ರೈಮರ್ ಕೊಟ್ಟು, ಬಣ್ಣ ಹೊಡೆದು, ಮೇಲೆ ಕ್ಲಿಯರ್ ಹೊಡೆದ ಗಾಡಿ ಹಬ್ಬದ ಹಿಂದಿನ ಸಂಜೆ ಹೊರಗೆ ಬರುತ್ತದೆ. ಮರುದಿನ ಬೆಳಿಗ್ಗೆ ಅದೇ ಬಾನೆಟ್ ಮೇಲೆ ಅರಿಶಿನ, ಕುಂಕುಮ, ವಿಭೂತಿ. ಎರಡೂ ಬದಿಗೆ ಬಾಳೆಕಂದು, ನಡುವೆ ತಂತಿಗೆ ಕಟ್ಟಿದ ಸೇವಂತಿಗೆ ಹಾರ. ಊರು ಸುತ್ತಿ ಬರುವಷ್ಟರಲ್ಲಿ ಆ ತಂತಿ, ಹಗ್ಗ ಗಾಳಿಗೆ ಅಲುಗಾಡಿ ಹೊಸ ಬಣ್ಣವನ್ನು ಉಜ್ಜಿರುತ್ತವೆ. ವಾರದೊಳಗೆ ವ್ಯಾಕ್ಸ್ ಹಚ್ಚಿ, ಕವರ್ ಹೊದಿಸಿ ಭದ್ರ ಮಾಡಿದ್ದೂ ಆಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಹೊಳಪು ಮಾಸಿ, ಪಟ್ಟಿಯ ಗೆರೆ ಎದ್ದು ಕಂಡಾಗ ಬೈಗುಳವೆಲ್ಲ ಪೇಂಟರ್‌ಗೆ.

ಕೂಡಿಟ್ಟ ದುಡ್ಡಿಗೆ ಸಾಲವನ್ನೂ ಸೇರಿಸಿ ಕೊಂಡ ಕಾರನ್ನು ಚೆನ್ನಾಗಿ ಇಟ್ಟುಕೊಳ್ಳಬೇಕೆಂಬ ಆಸೆ ಸಹಜ, ಒಳ್ಳೆಯದೂ ಹೌದು. ಆದರೆ ಬಣ್ಣದ ವಿಷಯದಲ್ಲಿ ಹೆಚ್ಚಿನ ಹಾನಿ ಆಗುತ್ತಿರುವುದು ನಮ್ಮ ಕಾಳಜಿಯ ಕೈಯಿಂದಲೇ. ಗಟ್ಟಿಯಾಗಲು ಬೇಕಾದ ದಿನಗಳನ್ನು ಹೊಸ ಬಣ್ಣಕ್ಕೆ ನಾವು ಕೊಡುವುದಿಲ್ಲ. ಗಟ್ಟಿಯಾದ ಮೇಲೆ ಹೊಳಪಿನ ಹೆಸರಿನಲ್ಲಿ ಅದನ್ನು ಸವೆಸುತ್ತ ಹೋಗುತ್ತೇವೆ. ಈ ಎರಡು ಅಭ್ಯಾಸ ಬಿಟ್ಟರೆ, ಚೆನ್ನಾಗಿ ಹೊಡೆದ ಬಣ್ಣ ವರ್ಷಾನುಗಟ್ಟಲೆ ನಿಶ್ಚಿಂತೆಯಾಗಿ ನಿಲ್ಲುತ್ತದೆ.

ಕಾರ್ಖಾನೆಯ ಬಣ್ಣ, ಶೆಡ್ಡಿನ ಬಣ್ಣ

ಶೋರೂಮಿನಿಂದ ಬಂದ ಹೊಸ ಕಾರಿನ ಬಣ್ಣವೂ ರಿಪೇರಿಗೆ ಬಿಟ್ಟು ಮತ್ತೆ ಹೊಡೆಸಿದ ಬಣ್ಣವೂ ನೋಡಲು ಒಂದೇ. ಹುಟ್ಟಿದ ರೀತಿ ಮಾತ್ರ ಬೇರೆ. ಬಿಡದಿಯಲ್ಲೇ ಆಗಲಿ, ಚೆನ್ನೈ, ಪುಣೆಯಲ್ಲೇ ಆಗಲಿ, ಕಾರ್ಖಾನೆಯಲ್ಲಿ ಬಣ್ಣ ಬೀಳುವುದು ಬರಿಯ ಲೋಹದ ಮೈಗೆ. ಆಗ ಅದಕ್ಕೆ ಟೈರು, ಸೀಟು, ವೈರು, ಗಾಜು ಯಾವುದೂ ಇರುವುದಿಲ್ಲ. ಮೊದಲು ಫಾಸ್ಫೇಟ್ ಸಂಸ್ಕರಣೆ. ಆಮೇಲೆ ಇಡೀ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ತುಕ್ಕು ತಡೆಯುವ ಪದರವನ್ನು ಮೂಲೆಮೂಲೆಗೂ ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಬಣ್ಣ ಕೊಡುವ ಬೇಸ್ ಕೋಟ್, ಕೊನೆಗೆ ಪಾರದರ್ಶಕ ಕ್ಲಿಯರ್ ಕೋಟ್. ಈ ಮೇಲಿನ ಪದರಗಳನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿ ಬೇಯಿಸುತ್ತಾರೆ. ಕಾರ್ಖಾನೆಯ ಗೇಟು ದಾಟುವ ಹೊತ್ತಿಗೆ ಆ ಬಣ್ಣ ಪೂರ್ತಿ ಗಟ್ಟಿಯಾಗಿರುತ್ತದೆ. ಹಾಗಾಗಿ ಹೊಚ್ಚಹೊಸ ಕಾರಿಗೆ ಮೊದಲ ವಾರವೇ ವ್ಯಾಕ್ಸ್ ಹಚ್ಚಿದರೂ ತೊಂದರೆ ಇಲ್ಲ.

ಶೆಡ್ಡಿಗೆ ಬರುವುದು ಪ್ಲಾಸ್ಟಿಕ್ ಬಂಪರ್, ರಬ್ಬರ್ ಬೀಡಿಂಗ್, ಎಲೆಕ್ಟ್ರಾನಿಕ್ಸ್, ಇಂಧನದ ಟ್ಯಾಂಕ್ ಎಲ್ಲ ಇರುವ ಪೂರ್ತಿ ಗಾಡಿ. ಅದನ್ನು 140 ಡಿಗ್ರಿಗೆ ಒಡ್ಡಲಾಗದು. ಅದಕ್ಕೇ ರಿಪೇರಿ ಬಣ್ಣಗಳ ರಸಾಯನವೇ ಬೇರೆ. ಪೇಂಟರ್‌ಗಳು ಟೂ-ಕೆ ಎಂದು ಕರೆಯುವ ಕ್ಲಿಯರ್ ಎರಡು ಡಬ್ಬಿಗಳಲ್ಲಿ ಬರುತ್ತದೆ. ಒಂದರಲ್ಲಿ ಅಕ್ರಿಲಿಕ್ ರಾಳ, ಇನ್ನೊಂದರಲ್ಲಿ ಐಸೊಸಯನೇಟ್ ಇರುವ ಹಾರ್ಡ್‌ನರ್. ಬೆರೆಸಿದ ಗಳಿಗೆಯಿಂದಲೇ ಇವೆರಡೂ ಒಂದಕ್ಕೊಂದು ಬೆಸೆದು ಪಾಲಿಯುರೆಥೇನ್ ಜಾಲವಾಗಲು ತೊಡಗುತ್ತವೆ. ಬಣ್ಣ ಹೊಡೆಯುವ ಮುಚ್ಚಿದ ಕೋಣೆ, ಅಂದರೆ ಬೂತ್, ಇರುವ ಕಡೆ ಸುಮಾರು 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಕ್ ಮಾಡಿ ಈ ಕ್ರಿಯೆಗೆ ವೇಗ ಕೊಡುತ್ತಾರೆ. ಬೂತ್ ಇಲ್ಲದ ಸಣ್ಣ ಶೆಡ್ಡಿನಲ್ಲಿ ಅದು ಆ ಊರಿನ ಆ ದಿನದ ಹವೆಯನ್ನು ನೆಚ್ಚಿಕೊಂಡು ನಿಧಾನವಾಗಿ ನಡೆಯುತ್ತದೆ. ಬಿಸಿ ಹತ್ತು ಡಿಗ್ರಿ ಇಳಿದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆಂಬುದು ರಸಾಯನಶಾಸ್ತ್ರದ ಒರಟು ಲೆಕ್ಕ. ಕಲಬುರಗಿಯ ಏಪ್ರಿಲ್‌ನಲ್ಲಿ ಒಣಗಿದ ಬಣ್ಣಕ್ಕೂ ಮಡಿಕೇರಿಯ ಡಿಸೆಂಬರ್‌ನಲ್ಲಿ ಒಣಗಿದ ಬಣ್ಣಕ್ಕೂ ಒಂದೇ ಗಡುವು ಹಾಕಲಾಗದು.

ಕೈಗೆ ಅಂಟದಿದ್ದರೆ ಸಾಲದು

ಹೊಡೆದ ಪದರದಿಂದ ಮೊದಲು ಥಿನ್ನರ್ ಹಾರಿ ಹೋಗಬೇಕು, ಜತೆಜತೆಗೆ ರಾಳ ಮತ್ತು ಹಾರ್ಡ್‌ನರ್ ಬೆಸೆಯಬೇಕು. ಮೇಲ್ಮೈ ಕೆಲವೇ ಗಂಟೆಗಳಲ್ಲಿ ಒಣಗಿ, ಬೆರಳಿಟ್ಟರೆ ಅಂಟದಷ್ಟು ಆಗುತ್ತದೆ. ಕೆಳಗಿನ ಥಿನ್ನರ್ ಪೂರ್ತಿ ಹೊರಬೀಳಲು ವಾರಗಳೇ ಬೇಕು. ಅದು ಹೊರಬರುತ್ತಿದ್ದಂತೆ ಪದರ ತೆಳುವಾಗಿ ಕುಗ್ಗುತ್ತದೆ. ಪಟ್ಟಿ ಉಜ್ಜಿದ ಪೇಪರಿನ ಗೆರೆಗಳು ಒರಟಾಗಿದ್ದರೆ ಕುಗ್ಗಿದ ಪದರ ಆ ಗೆರೆಗಳೊಳಕ್ಕೆ ತಗ್ಗಿ ಕೂರುತ್ತದೆ. ಕೊಟ್ಟ ದಿನ ಮುಖ ಕಾಣುವಂತಿದ್ದ ಬಾಗಿಲು ತಿಂಗಳಲ್ಲಿ ಮಂಕಾಗುವುದು ಹೀಗೆ. ಪಟ್ಟಿ, ಪ್ರೈಮರ್ ಆರಲು ಬಿಡದೆ ಒಂದರ ಮೇಲೊಂದು ಅವಸರದಲ್ಲಿ ಹೊಡೆದಿದ್ದರೆ ಈ ತೊಂದರೆ ಇಮ್ಮಡಿ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಮಂಗಳೂರು, ಉಡುಪಿ, ಕಾರವಾರದ ಹವೆಯಲ್ಲಿ ಜುಲೈ ತಿಂಗಳು ನೀರೇ ತುಂಬಿರುತ್ತದೆ. ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ರಾಳವನ್ನು ಹುಡುಕುವಷ್ಟೇ ಉತ್ಸಾಹದಿಂದ ನೀರನ್ನೂ ಹುಡುಕುತ್ತದೆ. ನೀರಿನೊಡನೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಪದರದೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಉಳಿಯುತ್ತವೆ. ಹಳೆಯ ನೈಟ್ರೊಸೆಲ್ಯುಲೋಸ್ ಬಣ್ಣವಾದರೆ ಥಿನ್ನರ್ ಬೇಗ ಹಾರಿ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಹನಿಗಟ್ಟಿ ಬಣ್ಣ ಬೆಳ್ಳಗಾಗುತ್ತದೆ. ಅನುಭವಿ ಪೇಂಟರ್‌ಗಳು ಇಂಥ ದಿನ ನಿಧಾನವಾಗಿ ಹಾರುವ ಥಿನ್ನರ್ ಬಳಸುತ್ತಾರೆ, ಇಲ್ಲವೇ ಗನ್ ಕೆಳಗಿಟ್ಟು ಮಳೆ ಬಿಡುವವರೆಗೆ ಕಾಯುತ್ತಾರೆ. ಈ ಕಾಯುವಿಕೆಯನ್ನು ಸೋಮಾರಿತನ ಎಂದುಕೊಳ್ಳುವ ಗ್ರಾಹಕ ತನ್ನ ಬಾಗಿಲಿಗೆ ತಾನೇ ಗುಳ್ಳೆ ಹಾಕಿಸಿಕೊಂಡಂತೆ.

ವ್ಯಾಕ್ಸ್, ಸೀಲೆಂಟ್, ಸೆರಾಮಿಕ್ ಕೋಟಿಂಗ್ ಎಲ್ಲವೂ ಮೇಲ್ಮೈಯನ್ನು ಮುಚ್ಚುವ ಪದಾರ್ಥಗಳು. ಒಳಗಿನ ಥಿನ್ನರ್‌ಗೆ ಹೊರಬರುವ ದಾರಿ ಇನ್ನೂ ತೆರೆದಿರಬೇಕಾದಾಗ ಅವನ್ನು ಹಚ್ಚಿದರೆ ಪದರ ಮೆತ್ತಗೇ ಉಳಿಯುತ್ತದೆ, ಹೊಳಪು ಬೇಗ ಹೋಗುತ್ತದೆ. ಬೇಕ್ ಮಾಡಿದ ರಿಪೇರಿ ಬಣ್ಣಕ್ಕೆ ಕನಿಷ್ಠ 30 ದಿನ, ಗಾಳಿಗೆ ಒಣಗಿದ್ದಕ್ಕೆ 60ರಿಂದ 90 ದಿನ ವ್ಯಾಕ್ಸ್ ಬೇಡ ಎಂಬುದು ಈ ಉದ್ಯಮದಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ. ಬಳಸಿದ ಕ್ಲಿಯರ್‌ನ ಡಬ್ಬಿಯ ಮೇಲೆ ಬೇರೆ ಅವಧಿ ಬರೆದಿದ್ದರೆ ಅದನ್ನೇ ಪಾಲಿಸಿ.

ಇಲ್ಲೊಂದು ಸೂಕ್ಷ್ಮವಿದೆ. ಮುಚ್ಚುವುದಕ್ಕೆ ಕಾಯಬೇಕೇ ಹೊರತು ತಿದ್ದುವುದಕ್ಕಲ್ಲ. ಬಣ್ಣ ಹೊಡೆಯುವಾಗ ಬಿದ್ದ ಧೂಳಿನ ಕಣ, ಕಿತ್ತಳೆ ಸಿಪ್ಪೆಯ ಮೇಲ್ಮೈಯಂಥ ಸಣ್ಣ ಏರಿಳಿತ, ಇಳಿದ ಹನಿ ಇವನ್ನೆಲ್ಲ ಪೇಂಟರ್ ಬೇಕ್ ಮಾಡಿ ತಣಿದ ಮೇಲೆ ಅಥವಾ ಒಂದೆರಡು ದಿನ ಬಿಟ್ಟು ರಬ್ಬಿಂಗ್ ಮಾಡಿ ಸರಿಪಡಿಸುತ್ತಾರೆ. ಆಗ ಪದರ ಕೊಂಚ ಎಳೆಯದಾಗಿದ್ದು ಬೇಗ ಒಪ್ಪವಾಗುತ್ತದೆ. ಆ ಹಂತದಲ್ಲಿ ಬಳಸುವ ಕಾಂಪೌಂಡ್‌ನಲ್ಲಿ ವ್ಯಾಕ್ಸ್, ಸಿಲಿಕೋನ್ ಇರಬಾರದು, ಅಷ್ಟೆ.

ಮೊದಲ ವಾರಗಳ ಪಥ್ಯ

ಈ ಕಾಯುವ ದಿನಗಳಲ್ಲಿ ಕಾರಿಗೆ ಮಾಡಬೇಕಾದ್ದು ಬಹಳ ಕಡಿಮೆ. ಮೊದಲ ವಾರ ತೊಳೆಯಲೇಬೇಡಿ. ಆಮೇಲೆ ನೆರಳಿನಲ್ಲಿ, ತಣ್ಣಗಿನ ಶುದ್ಧ ನೀರಿನಲ್ಲಿ, ಮೆತ್ತಗೆ ತೊಳೆದರೆ ಸಾಕು. ಬ್ರಷ್ ತಿರುಗುವ ಆಟೊಮ್ಯಾಟಿಕ್ ವಾಶ್ ಬೇಡ. ಪ್ರೆಶರ್ ಪೈಪನ್ನು ಹೊಸ ಬಣ್ಣದ ಅಂಚಿಗೆ ಹತ್ತಿರ ಹಿಡಿಯಬೇಡಿ. ಕವರ್ ಹೊದಿಸಬೇಡಿ, ಅದು ಥಿನ್ನರನ್ನೂ ತೇವವನ್ನೂ ಒಳಗೇ ಹಿಡಿದಿಡುತ್ತದೆ, ಗಾಳಿಗೆ ಅಲುಗಾಡಿ ಧೂಳಿನೊಡನೆ ಉಜ್ಜುತ್ತದೆ. ಗಾಜಿನ ಮೇಲಲ್ಲದೆ ಬಣ್ಣದ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ. ಬಿಸಿಲಿಗೆ ಹೆದರಬೇಕಿಲ್ಲ, ಹದವಾದ ಬಿಸಿಲು ಬಣ್ಣ ಗಟ್ಟಿಯಾಗಲು ನೆರವಾಗುತ್ತದೆ. ಹೆದರಬೇಕಾದ್ದು ಮರದ ನೆರಳಿಗೆ.

ಬೆಂಗಳೂರಿನ ಮಳೆಮರಗಳಲ್ಲಿ ರಸ ಹೀರುವ ಕೀಟಗಳು ಸೇರಿದಾಗ ಕೆಳಗೆ ನಿಂತ ಗಾಡಿಯ ಮೇಲೆಲ್ಲ ಸಿಹಿ ಅಂಟು ಉದುರುತ್ತದೆ. ಗಸಗಸೆ ಹಣ್ಣಿನ ಮರಕ್ಕೆ ರಾತ್ರಿ ಬಾವಲಿಗಳು ಬರುತ್ತವೆ. ನೇರಳೆಯ ಕಾಲದಲ್ಲಿ ಹಕ್ಕಿ ಹಿಕ್ಕೆ ಕಡುನೇರಳೆ. ಹಕ್ಕಿಯ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ ಒಂದು ಕಾರಣವಾದರೆ, ಬಿಸಿಲು ಇನ್ನೊಂದು. ಕಾದ ಬಾನೆಟ್ ಮೇಲೆ ಬಣ್ಣ ಮೆದುವಾಗಿ ಹಿಗ್ಗುತ್ತದೆ, ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ, ಸಂಜೆ ತಣಿದ ಬಣ್ಣ ಆ ಗಟ್ಟಿ ಹೆಕ್ಕಳಿಕೆಯ ಸುತ್ತ ಕುಗ್ಗಿ ಅದರ ಅಚ್ಚನ್ನೇ ತಾಳುತ್ತದೆ. ತೊಳೆದ ಮೇಲೂ ಉಳಿಯುವ ಮಂಕು ಗುರುತು ಆ ಅಚ್ಚು. ಹಿಕ್ಕೆ ಕಂಡ ಕೂಡಲೇ ಒದ್ದೆ ಬಟ್ಟೆಯನ್ನು ಅದರ ಮೇಲೆ ಕೆಲ ನಿಮಿಷ ಹಾಕಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಉಗುರಿನಿಂದ ಕೆರೆಯಬೇಡಿ, ಒಣಗಿದ್ದನ್ನು ಒರೆಸಬೇಡಿ.

ಪೂಜೆ ಬಿಡಬೇಕಾಗಿಲ್ಲ. ತಿಲಕವನ್ನು ಗಾಜಿಗೋ ನಂಬರ್ ಪ್ಲೇಟಿಗೋ ಇಡಬಹುದು. ಹಾರವನ್ನು ತಂತಿಯ ಬದಲು ಹತ್ತಿ ದಾರದಲ್ಲಿ ಕಟ್ಟಿಸಿ, ಗಾಡಿ ನಿಂತಿರುವಾಗಷ್ಟೇ ಹಾಕಿ, ಓಡಿಸುವ ಮುನ್ನ ತೆಗೆದಿಡಬಹುದು. ಬಾನೆಟ್ ಮೇಲೇ ಕುಂಕುಮ ಬಿದ್ದರೆ ಅದೇ ದಿನ ಧಾರಾಳ ನೀರು ಸುರಿದು ಹರಿಯಬಿಡಿ. ಅರಿಶಿನದ ಹಳದಿ ಉಳಿದರೆ ಗಾಬರಿ ಬೇಡ. ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಅದನ್ನು ತೆಗೆಯಲೆಂದು ಪೌಡರ್ ಹಾಕಿ ತಿಕ್ಕಿದಾಗ ಆಗುವ ಗೀರು ಮಾತ್ರ ತಾನಾಗಿ ಹೋಗುವುದಿಲ್ಲ.

ಪಾಲಿಶ್ ಎಂದರೆ ಸವೆತ

ಮೋಟಾರು ಯುಗದ ಮೊದಲ ವರ್ಷಗಳಲ್ಲಿ ಕಾರಿಗೆ ವಾರ್ನಿಶ್ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಡ್ಯೂಕೊ ಎಂಬ ನೈಟ್ರೊಸೆಲ್ಯುಲೋಸ್ ಬಣ್ಣ ಬಂದ ಮೇಲೆ ಒಣಗುವ ಹೊತ್ತು ಗಂಟೆಗಳಿಗೆ ಇಳಿಯಿತು. ಜನರಲ್ ಮೋಟರ್ಸ್ ಅದನ್ನು 1924ರ ಓಕ್‌ಲ್ಯಾಂಡ್ ಕಾರುಗಳಿಗೆ ನೀಲಿ ಬಣ್ಣದಲ್ಲಿ ಹೊಡೆಯಿತು. ನಮ್ಮ ಬಡಗಿಗಳು ಮರದ ಸಾಮಾನಿಗೆ ಸ್ಪ್ರೇ ಮಾಡುವ ಬಣ್ಣಕ್ಕೆ ಇಂದಿಗೂ ಹೇಳುವುದು ಅದೇ ಹೆಸರು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಬಣ್ಣಗಳ ಮೇಲೆ ಕ್ಲಿಯರ್ ಇರುತ್ತಿರಲಿಲ್ಲ. ಬಿಸಿಲಿಗೆ ಮೇಲ್ಪದರ ಸುಣ್ಣಗಟ್ಟುತ್ತಿತ್ತು. ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರೆ ಸತ್ತ ಪದರ ಬಟ್ಟೆಗೆ ಬಂದು ಕೆಳಗಿನ ತಾಜಾ ಬಣ್ಣ ಮೇಲೆ ಬರುತ್ತಿತ್ತು. ಬಟ್ಟೆ ಕಾರಿನ ಬಣ್ಣಕ್ಕೇ ತಿರುಗಿದರೆ ಕೆಲಸ ಚೆನ್ನಾಗಿ ಆಯಿತೆಂದು ಅರ್ಥ. ತಿಕ್ಕಿದಷ್ಟೂ ಹೊಳಪು ಎಂಬ ನಂಬಿಕೆ ನಮಗೆ ಬಂದದ್ದು ಅಲ್ಲಿಂದ.

ಈಗಿನ ಬಣ್ಣಕ್ಕೆ ಆ ನಂಬಿಕೆ ಹೊಂದುವುದಿಲ್ಲ. ಕಾರ್ಖಾನೆಯ ಎಲ್ಲ ಪದರಗಳೂ ಸೇರಿ ದಪ್ಪ ಸುಮಾರು 100ರಿಂದ 140 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಇದರಲ್ಲಿ ಬಣ್ಣ ಕೊಡುವ ಬೇಸ್ ಕೋಟ್ 15 ಮೈಕ್ರಾನ್ ಆಸುಪಾಸು, ಅದನ್ನು ಕಾಯುವ ಕ್ಲಿಯರ್ ಕೋಟ್ 40ರ ಆಸುಪಾಸು. ಅತಿನೇರಳೆ ಕಿರಣ ಹೀರಿಕೊಳ್ಳುವ ರಾಸಾಯನಿಕಗಳು ಇರುವುದೂ ಈ ಕ್ಲಿಯರ್‌ನಲ್ಲೇ. ಕಾಂಪೌಂಡ್, ಪಾಲಿಶ್ ಎರಡರಲ್ಲೂ ಇರುವುದು ಅಲ್ಯುಮಿನಿಯಂ ಆಕ್ಸೈಡ್‌ನಂಥ ಉಜ್ಜುವ ಪುಡಿ. ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ನಯ. ಗೀರು ಹೋಗಿದೆ ಎಂದರೆ ಗೀರಿನ ತಳದವರೆಗೆ ಸುತ್ತಲ ಕ್ಲಿಯರನ್ನು ತೆಗೆದಿದ್ದಾರೆ ಎಂದರ್ಥ. ನಯವಾದ ಪಾಲಿಶ್‌ಗೆ ಒಂದು ಮೈಕ್ರಾನ್ ಆಸುಪಾಸು ಹೋದರೆ, ವಾಟರ್ ಪೇಪರ್ ಹಾಕಿ ದಪ್ಪ ಕಾಂಪೌಂಡ್‌ನಿಂದ ಬಫಿಂಗ್ ಮಾಡಿದಾಗ ಅದರ ಹಲವು ಪಟ್ಟು ಹೋಗುತ್ತದೆ. ಕ್ಲಿಯರ್ ಕೋಟ್ ಬಡ್ಡಿ ಬಾರದ ಠೇವಣಿ. ತೆಗೆದದ್ದು ತೆಗೆದದ್ದೇ, ಮತ್ತೆ ತುಂಬುವುದಿಲ್ಲ. ಪ್ರತಿ ಸರ್ವಿಸ್‌ನಲ್ಲೂ ‘ರಬ್ಬಿಂಗ್-ಪಾಲಿಶ್ ಮಾಡಿಬಿಡಿ’ ಎನ್ನುವವರು ಬಿಲ್ ಕಟ್ಟಿ ಆ ಠೇವಣಿ ಕರಗಿಸುತ್ತಿರುತ್ತಾರೆ.

ಬಲ್ಲ ಪೇಂಟರ್ ರಬ್ಬಿಂಗ್ ಮಾಡುವಾಗ ಹತ್ತಿರ ನಿಂತು ನೋಡಿ. 2000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ, ಸಣ್ಣ ರಬ್ಬರ್ ಬ್ಲಾಕಿಗೆ ಸುತ್ತಿ, ಭಾರ ಹಾಕದೆ ನೇರ ಗೆರೆಯಲ್ಲಿ ಎಳೆಯುತ್ತಾರೆ. ಇಳಿಯುವ ನೀರು ಹಾಲಿನ ಬಣ್ಣಕ್ಕಿದ್ದರೆ ಸವೆಯುತ್ತಿರುವುದು ಕ್ಲಿಯರ್. ಪ್ರತಿ ನಾಲ್ಕಾರು ಎಳೆತಕ್ಕೆ ನೀರು ಒರೆಸಿ ಓರೆಯಲ್ಲಿ ಬಗ್ಗಿ ನೋಡುತ್ತಾರೆ. ಹೊಳೆಯುವ ಚುಕ್ಕೆಗಳು ಇನ್ನೂ ಉಳಿದಿದ್ದರೆ ಅವು ತಗ್ಗುಗಳು, ಸುತ್ತ ಸಮವಾಗಿ ಮಂಕಾಗಿದ್ದರೆ ಸಾಕು. ಬಾನೆಟ್ಟಿನ ಏಣು, ಬಾಗಿಲ ಅಂಚು ಬಂದಾಗ ಅವರ ಕೈ ತಾನಾಗಿ ಹಗುರಾಗುತ್ತದೆ, ಇಲ್ಲವೇ ಅಲ್ಲಿಗೆ ಟೇಪ್ ಅಂಟಿಸಿರುತ್ತಾರೆ. ಬಣ್ಣ ಹರಿದು ತೆಳುವಾಗುವುದೂ, ಬಫಿಂಗ್ ಮಿಷನ್ನಿನ ಒತ್ತಡ ಪೂರ್ತಿ ಬೀಳುವುದೂ ಆ ಏಣಿನ ಮೇಲೇ. ನೀರಿಗೋ ಪ್ಯಾಡಿಗೋ ಕಾರಿನ ಬಣ್ಣ ಬಂತೆಂದರೆ ಕ್ಲಿಯರ್ ಮುಗಿದಿದೆ. ಅಜ್ಜನ ಕಾಲದಲ್ಲಿ ಒಳ್ಳೆಯ ಕೆಲಸದ ಗುರುತಾಗಿದ್ದದ್ದು ಇಂದು ಆ ಪ್ಯಾನೆಲ್ಲಿಗೆ ಮತ್ತೆ ಪೇಂಟ್ ಮಾಡಬೇಕೆಂಬ ಸೂಚನೆ.

ಒಳ್ಳೆಯ ಡಿಟೇಲಿಂಗ್ ಅಂಗಡಿಗಳಲ್ಲಿ ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ಇರುತ್ತದೆ. ಪ್ಯಾನೆಲ್ಲಿಗೆ ತಾಗಿಸಿದರೆ ಮೈಕ್ರಾನ್ ತೋರಿಸುತ್ತದೆ. ಮರುಬಣ್ಣ ಆದ ಬಾಗಿಲು ಸಾಮಾನ್ಯವಾಗಿ 200 ದಾಟುತ್ತದೆ, ಪಟ್ಟಿ ತುಂಬಿದ ಜಾಗ ಸಾವಿರವನ್ನೂ ದಾಟಬಹುದು. ಬಫಿಂಗ್‌ಗೆ ಮುಂಚೆ ಅಳೆಯುವ ಅಂಗಡಿಗೆ ಗಾಡಿ ಕೊಡಿ.

ಬೀದಿದೀಪದ ಕೆಳಗೆ

ಕಪ್ಪು ಅಥವಾ ಕಡುಗೆಂಪು ಕಾರನ್ನು ರಾತ್ರಿ ಬೀದಿದೀಪದ ಕೆಳಗೆ ನಿಲ್ಲಿಸಿ ನೋಡಿ. ದೀಪದ ಬಿಂಬದ ಸುತ್ತ ಸಣ್ಣ ಗೆರೆಗಳು ವೃತ್ತವೃತ್ತವಾಗಿ ಹರಡಿರುತ್ತವೆ. ನೀವು ಒಂದು ಹೆಜ್ಜೆ ಸರಿದರೆ ವೃತ್ತಗಳೂ ಬಿಂಬದೊಡನೆ ಸರಿಯುತ್ತವೆ. ನಿಜದಲ್ಲಿ ಗೀರುಗಳು ಎಲ್ಲ ದಿಕ್ಕಿಗೂ ಇವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚಿ ಕಣ್ಣಿಗೆ ಬೀಳುವುದರಿಂದ ಸುರುಳಿಯಾಗಿ ಕಾಣುತ್ತವೆ. ಇವು ಅಪಘಾತದ ಗೀರುಗಳಲ್ಲ. ದಿನಾ ಬೆಳಿಗ್ಗೆ ಒರೆಸಿದ ಬಟ್ಟೆಯ ಗೀರುಗಳು.

ನಮ್ಮ ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಧಾರಾಳ. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಬೆಣಚುಕಲ್ಲಿಗೆ 7ನೇ ಸ್ಥಾನ, ಅದು ಗಾಜನ್ನೇ ಗೀರುತ್ತದೆ. ಕ್ಲಿಯರ್ ಕೋಟ್ ಅದರ ಮುಂದೆ ಮೆದು. ಸಂಡೂರು, ಹೊಸಪೇಟೆ ಕಡೆಯ ಅದಿರಿನ ಕೆಂಧೂಳೂ ಕಡಿಮೆ ಗಡಸಲ್ಲ. ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಿನಲ್ಲಿ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಸಾಲು ಕಾರುಗಳನ್ನು ಒರೆಸುತ್ತ ಹೋದಂತೆ ಮೊದಲ ಕಾರಿನ ಧೂಳು ಕೊನೆಯ ಕಾರಿನ ಬಣ್ಣದ ಮೇಲೆ ಪೇಪರಿನ ಕೆಲಸ ಮಾಡುತ್ತದೆ. ಒರೆಸುವವರನ್ನು ದೂರಿ ಫಲವಿಲ್ಲ. ನಾವು ಕೊಡುವ ಸಂಬಳ, ನೀರು, ಬಟ್ಟೆ ಎಲ್ಲವೂ ಹಾಗೇ ಇವೆ. ದಿನಾ ಒರೆಸುವುದು ಬೇಡ, ವಾರಕ್ಕೊಮ್ಮೆ ತೊಳೆದರೆ ಸಾಕೆಂದು ಹೇಳಿ ಅದೇ ಸಂಬಳ ಕೊಡಿ, ಎರಡು ಬಕೆಟ್ ಮತ್ತು ಮೈಕ್ರೊಫೈಬರ್ ಬಟ್ಟೆಗಳನ್ನು ನೀವೇ ತಂದುಕೊಡಿ.

ತೊಳೆಯುವ ಕ್ರಮ ಸರಳ. ಮೊದಲು ಬರೀ ನೀರು ಸುರಿದು ಧೂಳು ಇಳಿಸಿ. ಒಂದು ಬಕೆಟ್ಟಿನಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಟಾಪಿನಿಂದ ಆರಂಭಿಸಿ ಕೆಳಕ್ಕೆ ಬನ್ನಿ. ಚಕ್ರ ಮತ್ತು ಬಾಗಿಲ ಕೆಳಭಾಗಕ್ಕೆ ಬೇರೆಯದೇ ಬಟ್ಟೆ. ಬಟ್ಟೆ ಒಗೆಯುವ ಪೌಡರ್, ಪಾತ್ರೆ ತೊಳೆಯುವ ಸೋಪು ಬೇಡ, ಅವು ಹಚ್ಚಿದ ವ್ಯಾಕ್ಸನ್ನು ಕಿತ್ತುಹಾಕುತ್ತವೆ. ಬೋರ್‌ವೆಲ್ ನೀರಾದರೆ ಒಣಗಲು ಬಿಡದೆ ಒರೆಸಿ ತೆಗೆಯಿರಿ. ಬಿಸಿಲಲ್ಲಿ ಆರಿದ ಗಡಸು ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಬಿಳಿ ಬಳೆಗಳನ್ನು ಬಿಟ್ಟುಹೋಗುತ್ತದೆ. ಆಗಲೇ ಬಳೆ ಕಟ್ಟಿದ್ದರೆ ನೀರು ಬೆರೆಸಿದ ವಿನೆಗರಿನಲ್ಲಿ ಬಟ್ಟೆ ಅದ್ದಿ ಒರೆಸಿ, ತಕ್ಷಣ ತೊಳೆಯಿರಿ.

ಮೇಲಿನ ಹೊದಿಕೆಗಳು

ಕಾಯುವ ದಿನಗಳು ಮುಗಿದ ಮೇಲೆ ಬಣ್ಣಕ್ಕೆ ಹೊದಿಕೆ ಕೊಡಬಹುದು. ಇಲ್ಲಿಂದ ಮುಂದಿನದು ನಿಜಕ್ಕೂ ಸೇರಿಸುವ ಕೆಲಸ. ಬ್ರೆಜಿಲ್‌ನ ತಾಳೆ ಜಾತಿಯ ಮರವೊಂದರ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಆಳವಾದ ಹೊಳಪು ಕೊಡುತ್ತದೆ, ನಮ್ಮ ಬಿಸಿಲಿಗೆ ಕೆಲವು ವಾರ ನಿಲ್ಲುತ್ತದೆ. ಪಾಲಿಮರ್ ಸೀಲೆಂಟ್ ಕೆಲವು ತಿಂಗಳು. ಸೆರಾಮಿಕ್ ಕೋಟಿಂಗ್ ಸಿಲಿಕಾ ಮೂಲದ ತೆಳು ಪದರ. ಕೊಳೆ ಅಂಟದಂತೆ, ನೀರು ಜಾರುವಂತೆ ಮಾಡುವುದರಲ್ಲಿ ಅದು ಸಮರ್ಥ. ಆದರೆ ಜಾಹೀರಾತಿನ ‘9ಎಚ್’ ಎಂಬುದು ಪೆನ್ಸಿಲ್ ಗಡಸುತನದ ಅಳತೆ, ಖನಿಜಗಳ ಮೋಸ್ ಅಳತೆಯಲ್ಲ. ಮರಳಿನ ಗೀರನ್ನು ಅದು ತಡೆಯುವುದಿಲ್ಲ. ಕಲ್ಲು ಸಿಡಿತ, ಗೀರು ತಡೆಯಬೇಕೆಂದರೆ 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಫಿಲ್ಮ್ ಬೇಕು. ಅದು ದುಬಾರಿ, ಬಾನೆಟ್ ಮತ್ತು ಮುಂಬದಿಗೆ ಮಾತ್ರ ಹಾಕಿಸಿದರೂ ಹೆಚ್ಚಿನ ಲಾಭ ಸಿಗುತ್ತದೆ. ಯಾವ ಹೊದಿಕೆಯಾದರೂ ಕೆಳಗಿನ ಬಣ್ಣ ಗಟ್ಟಿಯಾಗಿದ್ದರಷ್ಟೇ ಬೆಲೆ.

ಗಾಡಿ ಬಿಡುವ ಮುನ್ನ

ಶೆಡ್ಡಿನಲ್ಲಿ ನಾವು ಕೇಳುವ ಪ್ರಶ್ನೆ ಎರಡೇ: ಎಷ್ಟಾಗುತ್ತದೆ, ಯಾವಾಗ ಕೊಡುತ್ತೀರಿ. ಇನ್ನೂ ಕೆಲವನ್ನು ಕೇಳಿ. ಕ್ಲಿಯರ್ ಮತ್ತು ಹಾರ್ಡ್‌ನರ್ ಒಂದೇ ಕಂಪನಿಯವೇ? ಬೂತ್‌ನಲ್ಲಿ ಬೇಕ್ ಮಾಡುತ್ತೀರೋ, ಗಾಳಿಗೆ ಒಣಗಿಸುತ್ತೀರೋ? ಪಟ್ಟಿ, ಪ್ರೈಮರ್ ಆರಲು ಎಷ್ಟು ಹೊತ್ತು ಬಿಡುತ್ತೀರಿ? ವ್ಯಾಕ್ಸ್ ಎಂದಿನಿಂದ ಹಚ್ಚಬಹುದು? ಉತ್ತರ ಕೊಡಬಲ್ಲ ಪೇಂಟರ್‌ಗೆ ತನ್ನ ಕೆಲಸ ಗೊತ್ತಿದೆ.

ಕೊನೆಯದಾಗಿ, ಸ್ಪ್ರೇ ಮಾಡುವಾಗ ಅವರು ಏನು ತೊಟ್ಟಿರುತ್ತಾರೆ ಎಂಬುದನ್ನೂ ನೋಡಿ. ಹಾರ್ಡ್‌ನರ್‌ನ ಐಸೊಸಯನೇಟ್ ಪೇಂಟರ್‌ಗಳಿಗೆ ಅಸ್ತಮಾ ತರುತ್ತದೆ. ಒಮ್ಮೆ ಮೈ ಅದಕ್ಕೆ ಸೂಕ್ಷ್ಮವಾಯಿತೆಂದರೆ ಅತ್ಯಲ್ಪ ಸೋಂಕಿದರೂ ಉಸಿರು ಕಟ್ಟುತ್ತದೆ, ಕಸುಬನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಮತ್ತು ಗಾಳಿ ಎಳೆಯುವ ಬೂತ್ ಬೇಕು. ಇವನ್ನೆಲ್ಲ ಇಟ್ಟುಕೊಂಡ ಶೆಡ್ಡಿನ ದರ ಪಕ್ಕದ ಶೆಡ್ಡಿಗಿಂತ ಹೆಚ್ಚಿರುತ್ತದೆ, ಅವರು ಕೇಳುವ ದಿನಗಳೂ ಹೆಚ್ಚಿರುತ್ತವೆ. ಆ ದರಕ್ಕೆ ಚೌಕಾಸಿ ಮಾಡಬೇಡಿ, ಆ ದಿನಗಳಿಗೆ ಗೊಣಗಬೇಡಿ. ಬಣ್ಣ ಗಟ್ಟಿಯಾಗುವುದೂ, ಹೊಡೆದವರು ಆರೋಗ್ಯವಾಗಿ ಉಳಿಯುವುದೂ ಆ ದುಡ್ಡು, ಆ ದಿನಗಳಿಂದಲೇ.